ಕೆರೆ-ದಡ ಆಡ್ಸಿ, ಆದ್ರೆ ಯಾರನ್ನೂ ಔಟ್ ಮಾಡ್ಬೇಡಿ

"ಕೈ ಕಟ್, ಬಾಯ್ ಮುಚ್." ಕನ್ನಡ ಶಾಲೆ ಮೆಟ್ಟಿಲು ಹತ್ತಿದ ಯಾರ ಮುಂದೆ ಬೇಕಾದ್ರೂ ಇದನ್ನ ಜೋರಾಗಿ ಹೇಳಿ ನೋಡಿ, ಮೀಸೆ ಹಣ್ಣಾಗಿರೋ ಅಜ್ಜನ ಕೈಯೂ ತಾನಾಗೇ ಎದೆ ಮೇಲೆ ಬರತ್ತೆ. ಅಷ್ಟು ಗಟ್ಟಿ ಪಾಠ ಅದು. ಆದ್ರೆ ಅದರಿಂದ ನಾವೆಲ್ಲ ಕಲ್ತಿದ್ದು ಮೇಷ್ಟ್ರು ನೋಡ್ತಿರೋವಾಗ ಸುಮ್ನಿರೋದು ಹೇಗೆ ಅನ್ನೋದನ್ನ ಮಾತ್ರ. ಮೇಷ್ಟ್ರು ಹೆಡ್‌ಮಾಸ್ಟರ್ ರೂಮಿಗೆ ಹೋಗಿ ಹಾಜರಾತಿ ಪುಸ್ತಕಕ್ಕೆ ಸೈನ್ ಹಾಕಿ ಬರೋಷ್ಟರಲ್ಲಿ ಕ್ಲಾಸು ಸಂತೆ ಆಗಿರ್ತಿತ್ತು, ನೆನಪಿದ್ಯಲ್ಲ?

ನಾನು ಸರ್ಕಾರಿ ಶಾಲೇಲಿ ನಲಿಕಲಿ ಟೀಚರು. ಒಂದು ಎರಡು ಮೂರನೇ ಕ್ಲಾಸಿನ ಮಕ್ಕಳು ಮೂರೂ ಸೇರಿ ಒಂದೇ ರೂಮು, ಗೋಡೆ ಮೇಲೆ ಕಲಿಕಾ ಏಣಿ (ಯಾವ ಕಾರ್ಡ್ ಆದ ಮೇಲೆ ಯಾವುದು ಅಂತ ತೋರ್ಸೋ ಚಾರ್ಟು), ತಲೆ ಮೇಲೆ ಚಪ್ಪರ, ಅದರಲ್ಲಿ ತೂಗಾಡೋ ಬಣ್ಣದ ಕಾಗದದ ಗಿಣಿ ಮೀನು ಎಲ್ಲ. ಗೊತ್ತಿಲ್ಲದೋರಿಗೆ ಹೇಳ್ಬೇಕು ಅಂದ್ರೆ, 1995ರಲ್ಲಿ ಯುನಿಸೆಫ್ ಸಹಾಯದಿಂದ ಎಚ್.ಡಿ. ಕೋಟೆ ಕಡೆ ಶುರುವಾದ ಪದ್ಧತಿ ಇದು, ಆಂಧ್ರದ ರಿಷಿವ್ಯಾಲಿ ಶಾಲೆಗಳನ್ನ ನೋಡ್ಕೊಂಡು ಬಂದ ಟೀಚರ್‌ಗಳು ಕಟ್ಟಿದ್ದು, 2009ರ ಹೊತ್ತಿಗೆ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗೂ ಬಂತು. ಮಕ್ಕಳು ಐದು ತಟ್ಟೆಗಳಾಗಿ, ಅಂದ್ರೆ ಐದು ಗುಂಪುಗಳಾಗಿ ಕೂರ್ತಾರೆ. ಮೊದಲನೇ ತಟ್ಟೆಯವರಿಗೆ ಟೀಚರ್ ಪೂರ್ತಿ ಜೊತೇಲೇ ಇರ್ಬೇಕು, ಆಮೇಲಿನೋರಿಗೆ ಸ್ವಲ್ಪ, ಆಮೇಲಿನೋರಿಗೆ ಪಕ್ಕದ ಮಕ್ಕಳ ಸಹಾಯ, ಕೊನೇ ತಟ್ಟೆಯವರದ್ದು ಸ್ವಕಲಿಕೆ. ಅಂದ್ರೆ ನಾನು ಒಂದು ಮೂಲೇಲಿ ಒಂದನೇ ಕ್ಲಾಸಿನೋರಿಗೆ "ರ ಗ ಸ ದ ಅ" ತಿದ್ದಿಸ್ತಾ ಇರೋವಾಗ ಉಳಿದ ನಾಲ್ಕು ತಟ್ಟೆಯವರು ತಾವೇ ಎದ್ದು ತಮ್ಮ ಲೋಗೋ (ಗುರುತಿನ ಚಿತ್ರ) ಇರೋ ಟ್ರೇ ಹುಡುಕಿ ತಮ್ಮದೇ ಕಾರ್ಡು ತಗೊಂಡು, ಬೇರೆಯವರ ಕಾರ್ಡು ಚೆನ್ನಾಗಿದ್ರೂ ಮುಟ್ಟದೆ, ವಾಪಸ್ ಬಂದು ಕೂತು ಕೆಲಸ ಮಾಡ್ಬೇಕು. ಆರು ವರ್ಷದ ಮಗು! ಇಡೀ ಪದ್ಧತಿ ನಿಂತಿರೋದೇ ಮಕ್ಕಳು ತಮ್ಮನ್ನ ತಾವು ಒಂಚೂರು ತಡ್ಕೊಳ್ತಾರೆ ಅನ್ನೋ ನಂಬಿಕೆ ಮೇಲೆ, ಆದ್ರೆ ಕಾರ್ಡಿನ ಬಗ್ಗೆ ಏಣಿ ಬಗ್ಗೆ ನಾವು ಮಾತಾಡೋ ಹತ್ತರಲ್ಲಿ ಒಂದು ಭಾಗನೂ ಇದರ ಬಗ್ಗೆ ಮಾತಾಡಲ್ಲ.

ಅದಕ್ಕೇ ಈ ಇಂಪಲ್ಸ್ ಕಂಟ್ರೋಲ್, ಅಂದ್ರೆ ಅನ್ಸಿದ ತಕ್ಷಣ ಮಾಡಿಬಿಡದೆ ತಡ್ಕೊಳ್ಳೋದು ಅನ್ನೋ ವಿಷಯ ನನ್ನ ತಲೇಲಿ ಹೊಕ್ಕಿದ್ದು. ತಡ್ಕೊಳ್ಳೋದನ್ನ ಕಲಿಸಕ್ಕಾಗತ್ತಾ? ಕಲಿಸಕ್ಕಾದ್ರೆ ಹೇಗೆ?

ಒಬ್ಬ ಹುಡುಗ ಇದಾನೆ, ಇಲ್ಲಿ ಮಂಜ ಅಂತ ಕರೀತೀನಿ, ಎರಡನೇ ಕ್ಲಾಸು. ಪ್ರಶ್ನೆ ನನ್ನ ಬಾಯಿಂದ ಅರ್ಧ ಬಂದಿರತ್ತೆ ಅಷ್ಟರಲ್ಲಿ ಅವನ ಉತ್ತರ ಬಂದಾಗಿರತ್ತೆ, ಸರಿನೋ ತಪ್ಪೋ ಅದು ಬೇರೆ ಮಾತು. ಪಕ್ಕದೋನ ರಬ್ಬರ್ ಬೇಕಿದ್ರೆ ಕೇಳೋದು ಅಂತಿಲ್ಲ, ಕೈ ಹೋಗಿರತ್ತೆ. ತಳ್ಳಿದ ಮೇಲೆ "ಯಾಕೋ ತಳ್ಳಿದೆ" ಅಂದ್ರೆ ನಿಜವಾಗ್ಲೂ ಗಾಬರಿಯಿಂದ ನನ್ನ ಮುಖ ನೋಡ್ತಾನೆ, ತಳ್ಳಿದ್ದು ತಾನೇನಾ ಅನ್ನೋ ಥರ. ಕೆಟ್ಟ ಹುಡುಗ ಅಲ್ಲವೇ ಅಲ್ಲ. ಇಂಥೋರಿಗೆ ನಮ್ಮಲ್ಲಿ ರೆಡಿ ಇರೋ ಔಷಧಿ ನೀತಿಕತೆ, ಗೋಡೆ ಮೇಲೊಂದು "ತಾಳಿದವನು ಬಾಳಿಯಾನು" ಚಾರ್ಟು, ಇಲ್ಲಾಂದ್ರೆ ಬಾಗಿಲ ಹೊರಗೆ ನಿಲ್ಸೋದು. ಚಾರ್ಟ್ ಬಗ್ಗೆ ನನ್ನ ಅಭಿಪ್ರಾಯ ಕೇಳಿದ್ರೆ ಗೋಡೆಗೆ ಚೆಂದ ಕಾಣತ್ತೆ, ಅಷ್ಟೇ. ಕೈ ಹೋಗೋ ಆ ಒಂದು ಸೆಕೆಂಡಿನಲ್ಲಿ ಯಾವ ಮಗೂಗೂ ಗಾದೆ ನೆನಪಾಗಲ್ಲ, ದೊಡ್ಡೋರಿಗೇ ಆಗಲ್ಲ.

ಮಂಜನ ವಿಷಯದಲ್ಲಿ ಸ್ವಲ್ಪನಾದ್ರೂ ಕೆಲಸ ಮಾಡಿದ್ದು ಅಂದ್ರೆ ಆಟ, ಅದರಲ್ಲೂ ಕೆರೆ-ದಡ. ನೆಲದ ಮೇಲೆ ಸುಣ್ಣದ ಪುಡೀಲಿ ದೊಡ್ಡ ವೃತ್ತ, ಒಳಗೆ ಕೆರೆ ಹೊರಗೆ ದಡ. ಟೀಚರ್ "ಕೆರೆ" ಅಂದ್ರೆ ಒಳಗೆ ಹಾರ್ಬೇಕು, "ದಡ" ಅಂದ್ರೆ ಹೊರಗೆ. ಕೆರೆ ದಡ ಕೆರೆ ದಡ ಅಂತ ಲಯ ಹಿಡಿಸಿ ಹಿಡಿಸಿ ಇದ್ದಕ್ಕಿದ್ದಂಗೆ "ದಡ ದಡ" ಅಂದಾಗ ಮೈ ತಾನಾಗೇ ಹಾರಕ್ಕೆ ಹೊರಟಿರತ್ತೆ, ಅದನ್ನ ಹಿಡಿದು ನಿಲ್ಲಿಸ್ಬೇಕು. ಇಡೀ ಆಟದ ಮಜಾ ಇರೋದೇ ಅಲ್ಲಿ. "ಹಾರುತ್ತೆ ಹಾರುತ್ತೆ ಕಾಗೆ ಹಾರುತ್ತೆ, ಹಾರುತ್ತೆ ಹಾರುತ್ತೆ ಎಮ್ಮೆ ಹಾರುತ್ತೆ" ಅನ್ನೋದೂ ಇದೇ ಜಾತಿ, ಎಮ್ಮೆಗೂ ಕೈ ಎತ್ತಿದೋನು ಸಿಕ್ಕಿಬಿದ್ದ. ಅಮೆರಿಕದ ಆರೆಗಾನ್ ಸ್ಟೇಟ್ ಯೂನಿವರ್ಸಿಟಿಯ ಮೇಗನ್ ಮೆಕ್‌ಕ್ಲೆಲಂಡ್ ಅನ್ನೋರ ತಂಡ ಪುಟ್ಟ ಮಕ್ಕಳ ಈ ಸ್ವನಿಯಂತ್ರಣ ಅಳೆಯೋಕ್ಕೆ ಮಾಡಿರೋ ಪರೀಕ್ಷೆ ನೋಡಿದ್ರೆ ನಗು ಬರತ್ತೆ, ತಲೆ ಮುಟ್ಟು ಅಂದ್ರೆ ಕಾಲ್ಬೆರಳು ಮುಟ್ಬೇಕು, ಕಾಲ್ಬೆರಳು ಅಂದ್ರೆ ತಲೆ. ಅಷ್ಟೇ! ನಮ್ಮೂರ ಹುಡುಗೀರು ಬಿಡುವಿನಲ್ಲಿ ಇದಕ್ಕಿಂತ ಕಷ್ಟದ್ದು ಆಡ್ತಿರ್ತಾರೆ. ಹೇಳಿದ ಮಾತು ಕಿವಿಗೆ ಬೀಳೋದು, ಹಳೇ ಅಭ್ಯಾಸಕ್ಕೆ ಬ್ರೇಕ್ ಹಾಕೋದು, ಹೊಸ ನಿಯಮ ನೆನಪಿಟ್ಕೊಳ್ಳೋದು, ಮೂರೂ ಒಟ್ಟಿಗೆ ಆಗ್ಬೇಕು.

ಆದ್ರೆ ಕೆರೆ-ದಡದಲ್ಲಿ ಒಂದು ದೊಡ್ಡ ಲೋಪ ಇದೆ ರೀ. ತಪ್ಪಿದೋರು ಔಟ್. ಅಂದ್ರೆ ಯಾರಿಗೆ ಈ ಅಭ್ಯಾಸ ಎಲ್ಲರಿಗಿಂತ ಜಾಸ್ತಿ ಬೇಕೋ ಅವನು ಮೊದಲನೇ ನಿಮಿಷಕ್ಕೇ ಹೊರಗೆ ಕೂತ್ಕೊಂಡು ಮಣ್ಣು ಕೆದಕ್ತಾ ಇರ್ತಾನೆ, ಆಗಲೇ ಚೆನ್ನಾಗಿ ಬರೋ ಹುಡುಗೀರು ಕೊನೇ ತನಕ ಪ್ರಾಕ್ಟೀಸ್ ಮಾಡ್ತಾರೆ. ನಮ್ಮ ಕ್ಲಾಸಲ್ಲಿ ಔಟ್ ಇಲ್ಲ. ತಪ್ಪಿದೋನು ಬಂದು ನನ್ನ ಪಕ್ಕ ನಿಂತು ಐದು ಸಲ ಕೂಗ್ಬೇಕು, ಆಮೇಲೆ ವಾಪಸ್ ಆಟಕ್ಕೆ. ಕೂಗೋದು ಅಂದ್ರೆ ಮಜಾ, ಜೊತೆಗೆ ಬೇರೆಯವರನ್ನ ಬೀಳಿಸೋ ಪ್ಲಾನ್ ಹಾಕ್ಬೇಕಲ್ಲ, ಯಾವಾಗ ಲಯ ಮುರೀಬೇಕು ಅನ್ನೋದನ್ನ ಯೋಚಿಸ್ಬೇಕು, ಅಲ್ಲಿ ಅವನಿಗೇ ಗೊತ್ತಿಲ್ದಂಗೆ ನಿಧಾನ ಆಗ್ತಾನೆ. ಕೂಗೋದಕ್ಕೋಸ್ಕರ ಬೇಕಂತಲೇ ತಪ್ಪೋರೂ ಇದಾರೆ, ಇರ್ಲಿ ಬಿಡಿ. ಎಲ್ಲರಿಗೂ ಸಲೀಸಾದ ಮೇಲೆ ನಿಯಮ ಉಲ್ಟಾ ಮಾಡೋದು, ಕೆರೆ ಅಂದ್ರೆ ದಡ, ದಡ ಅಂದ್ರೆ ಕೆರೆ. ಆ ಉಲ್ಟಾ ಆಟ ಆಡೋವಾಗ ಒಂದಿನ ಮಂಜನ ಹತ್ರ ನಿಂತಿದ್ದೆ, ತುಟಿ ಅಲ್ಲಾಡ್ತಿತ್ತು, ಬಗ್ಗಿ ಕೇಳಿದ್ರೆ "ಕೆರೆ ಅಂದ್ರೆ ಹೋಗ್ಬಾರ್ದು... ಕೆರೆ ಅಂದ್ರೆ ಹೋಗ್ಬಾರ್ದು" ಅಂತ ತನಗೆ ತಾನೇ ಹೇಳ್ಕೊಳ್ತಿದ್ದ, ಎರಡೂ ಕೈ ಚಡ್ಡಿ ಅಂಚನ್ನ ಗಟ್ಟಿಯಾಗಿ ಹಿಡ್ಕೊಂಡಿದ್ವು. ರಷ್ಯಾದ ವೈಗೋಟ್‌ಸ್ಕಿ 1930ರ ದಶಕದಲ್ಲೇ ಬರೆದಿದ್ದು ಇದನ್ನೇ, ಮೊದಲು ದೊಡ್ಡೋರು ಮಗೂಗೆ ಹೇಳೋ ಮಾತು, ಆಮೇಲೆ ಮಗು ತನಗೆ ತಾನೇ ಜೋರಾಗಿ ಹೇಳ್ಕೊಳ್ಳೋ ಮಾತು, ಆಮೇಲೆ ಅದು ಒಳಗಿಳಿದು ಯೋಚನೆ ಆಗತ್ತೆ ಅಂತ. ಬಿ.ಎಡ್ ಡಿ.ಎಡ್ ಮಾಡಿದೋರೆಲ್ಲ ಪರೀಕ್ಷೆಗೆ ಬರೆದು ಮರೆತಿರೋ ಪಾಠ. ಗುನುಗೋ ಮಗೂನ "ಏಯ್, ಬಾಯ್ ಮುಚ್ಕೊಂಡು ಲೆಕ್ಕ ಮಾಡು" ಅಂತ ಗದರಿಸೋದು ಎಷ್ಟು ದಡ್ಡತನ ಅಂತ ಇದನ್ನ ನೋಡಿದ್ರೆ ಗೊತ್ತಾಗತ್ತೆ, ಅವನ ಬ್ರೇಕನ್ನೇ ಕಿತ್ತು ಹಾಕ್ದಂಗೆ ಅದು.

ಇನ್ನೊಂದು ಸಂಗತಿ, ಇದು ನನಗೆ ಬಹಳ ದಿನ ಒಗಟಾಗಿತ್ತು. ನಲ್ಲಿ ಹತ್ರ ನೀರು ಕುಡಿಯೋಕ್ಕೆ ಒಂದು ನಿಮಿಷ ಸಾಲಲ್ಲಿ ನಿಲ್ಲಕ್ಕಾಗದ ಇದೇ ಮಕ್ಕಳು ಬಿಸಿಯೂಟಕ್ಕೆ ಕೂತಾಗ ಹೇಗಿರ್ತಾರೆ ಗೊತ್ತಾ? ಜಗಲಿ ಮೇಲೆ ಎದುರು ಬದುರು ಎರಡು ಸಾಲು, ಮುಂದೆ ಸ್ಟೀಲ್ ತಟ್ಟೆ, ಅಡುಗೆಯವರು ಆ ಕಡೆಯಿಂದ ಅನ್ನ ಬಡಿಸ್ಕೊಂಡು ಬರ್ತಾರೆ, ಹಿಂದೇನೇ ಸಾಂಬಾರು. ಮೊದಲು ಬಡಿಸಿಕೊಂಡ ಮಗು ಮುಂದೆ ಹೊಗೆಯಾಡೋ ಅನ್ನ ಸಾಂಬಾರ್ ಇದೆ, ಬೆಳಗ್ಗೆ ಎಷ್ಟೋ ಮಕ್ಕಳು ಬರೀ ಟೀ ಬನ್ನು ತಿಂದು ಬಂದಿರ್ತಾರೆ, ಆದ್ರೂ ಎಲ್ಲರಿಗೂ ಬಡಿಸಿ ಪ್ರಾರ್ಥನೆ ಹೇಳೋ ತನಕ ಒಂದು ಕೈನೂ ತಟ್ಟೆಗೆ ಹೋಗಲ್ಲ. ಮಂಜನೂ ಅಷ್ಟೇ. ಅನ್ನದ ಮೇಲೆ ಬೆರಳಲ್ಲಿ ಒಂದು ಗುಳಿ ಮಾಡ್ತಾನೆ, ಸಾಂಬಾರ್ ನಿಲ್ಲಕ್ಕೆ, ಅಷ್ಟೇ ಅವನ ಚೇಷ್ಟೆ. ಅದೇ ಹುಡುಗ, ಅದೇ ಹೊಟ್ಟೆ, ಅದೇ ಮಧ್ಯಾಹ್ನ. ತಾಳ್ಮೆ ಅನ್ನೋದು ಒಳಗೆ ಇದೆ ಅಥವಾ ಇಲ್ಲ ಅನ್ನೋ ಥರದ ವಸ್ತು ಆಗಿದ್ರೆ ಇದು ಹೇಗೆ ಸಾಧ್ಯ?

2022ರಲ್ಲಿ ಜಪಾನಿನ ಕ್ಯೋಟೋ ಮತ್ತೆ ಅಮೆರಿಕದ ಬೌಲ್ಡರ್ ಊರಿನ ಪುಟ್ಟ ಮಕ್ಕಳನ್ನ ಹೋಲಿಸಿ ಒಂದು ಅಧ್ಯಯನ ಬಂತು, ನನಗೆ ತುಂಬಾ ಹಿಡಿಸಿದ್ದು. ತಿಂಡಿ ಮುಂದೆ ಇಟ್ಟು ಕಾಯಿ ಅಂದಾಗ ಜಪಾನಿನ ಮಕ್ಕಳು ಜಾಸ್ತಿ ಹೊತ್ತು ಕಾದ್ರು, ಕಾಗದ ಸುತ್ತಿದ ಗಿಫ್ಟ್ ಇಟ್ಟಾಗ ಅಮೆರಿಕದ ಮಕ್ಕಳು ಜಾಸ್ತಿ ಹೊತ್ತು ಕಾದ್ರು. ಕಾರಣ ಸರಳ. ಜಪಾನಿನಲ್ಲಿ ಎಲ್ಲರಿಗೂ ಬಡಿಸೋ ತನಕ ಕಾಯೋದು ಮನೇಲೂ ಶಾಲೇಲೂ ದಿನಾ ರೂಢಿ, ಅಮೆರಿಕದಲ್ಲಿ ಬರ್ತ್‌ಡೇ ಕ್ರಿಸ್‌ಮಸ್ ಗಿಫ್ಟನ್ನ ಹೇಳೋ ತನಕ ತೆರೆಯದೇ ಇರೋದು ರೂಢಿ. ಎಲ್ಲಿ ದಿನಾ ಕಾದು ಅಭ್ಯಾಸ ಇದ್ಯೋ ಅಲ್ಲಿ ಕಾಯೋದು ಕಷ್ಟವೇ ಅನ್ಸಲ್ಲ. ನಮ್ಮ ಬಿಸಿಯೂಟದ ಪಂಕ್ತಿ ಅದೇ ತಾನೇ. 2002ರಲ್ಲಿ ಅಕ್ಷರ ದಾಸೋಹ ಶುರುವಾದಾಗ ಹಸಿವು, ಹಾಜರಾತಿ ಬಗ್ಗೆ ಎಲ್ಲರೂ ಮಾತಾಡಿದ್ರು, ಪಂಕ್ತೀಲಿ ಕೂತು ಕಾಯೋ ಈ ಪಾಠ ಯಾರ ಸಿಲಬಸ್ಸಲ್ಲೂ ಇಲ್ದೆ ತಾನಾಗೇ ನಡ್ಕೊಂಡು ಬಂದಿದೆ.

ಹಂಗಾದ್ರೆ ನಲ್ಲಿ ಹತ್ರ ಯಾಕೆ ನುಗ್ತಾರೆ? ಅಲ್ಲಿ ಕೊನೇಲಿ ನಿಂತೋನಿಗೆ ನೀರು ಸಿಗೋ ಹೊತ್ತಿಗೆ ಬೆಲ್ ಹೊಡೆದಿರತ್ತೆ, ಅದಕ್ಕೆ. ಪಂಕ್ತೀಲಿ ಹಾಗಲ್ಲ, ಕೊನೇ ಮಗೂಗೂ ಅನ್ನ ಬಂದೇ ಬರತ್ತೆ, ದಿನಾ ಬಂದಿದೆ.

ಇಲ್ಲಿಗೆ ಬಂದ್ರೆ ಆ ಪ್ರಸಿದ್ಧ ಮಾರ್ಷ್‌ಮ್ಯಾಲೋ ಪರೀಕ್ಷೆ ಹೇಳಲೇಬೇಕು, ವಾಟ್ಸಾಪ್ ಫಾರ್ವರ್ಡಲ್ಲಿ ಮೋಟಿವೇಶನ್ ಭಾಷಣದಲ್ಲಿ ಕೇಳಿ ಕೇಳಿ ಸಾಕಾಗಿರತ್ತೆ ನಿಮಗೆ. 1960ರ ದಶಕದ ಕೊನೇಲಿ ಸ್ಟಾನ್‌ಫೋರ್ಡಿನ ವಾಲ್ಟರ್ ಮಿಶೆಲ್ ಶುರು ಮಾಡಿದ್ದು, ಮಗು ಮುಂದೆ ಒಂದು ಮಿಠಾಯಿ ಇಟ್ಟು, ನಾನು ವಾಪಸ್ ಬರೋ ತನಕ ತಿನ್ನದೇ ಇದ್ರೆ ಎರಡು ಕೊಡ್ತೀನಿ ಅನ್ನೋದು. ಕಾದ ಮಕ್ಕಳು ದೊಡ್ಡೋರಾದ ಮೇಲೆ ಓದಲ್ಲಿ ಮುಂದಿದ್ರು ಅನ್ನೋದೇ ಭಾಷಣಕಾರರ ಪಂಚ್. ಅವರು ಹೇಳದೇ ಬಿಡೋ ಭಾಗ ನಮ್ಮಂಥ ಟೀಚರ್‌ಗಳಿಗೆ ಮುಖ್ಯ. 2018ರಲ್ಲಿ ಟೈಲರ್ ವಾಟ್ಸ್ ಮತ್ತೆ ಜೊತೆಗಾರರು ಸುಮಾರು 900 ಮಕ್ಕಳ ದಾಖಲೆ ಇಟ್ಕೊಂಡು ಮತ್ತೆ ನೋಡಿದಾಗ ಆ ಸಂಬಂಧ ಮೊದಲಿನದರ ಅರ್ಧದಷ್ಟೇ ಇತ್ತು, ಮನೆ ಪರಿಸ್ಥಿತಿ, ತಾಯಿಯ ಓದು ಇವನ್ನೆಲ್ಲ ಲೆಕ್ಕಕ್ಕೆ ತಗೊಂಡ ಮೇಲೆ ಇನ್ನೂ ಇಳಿದೋಯ್ತು. ಅದಕ್ಕೂ ಮುಂಚೆ ರಾಚೆಸ್ಟರ್ ಯೂನಿವರ್ಸಿಟಿಯಲ್ಲಿ ಸೆಲೆಸ್ಟ್ ಕಿಡ್ ಅನ್ನೋರು 28 ಮಕ್ಕಳ ಜೊತೆ ಒಂದು ಸಣ್ಣ ಪ್ರಯೋಗ ಮಾಡಿದ್ರು, ಫಲಿತಾಂಶ ಮಾತ್ರ ಸಣ್ಣದಲ್ಲ. ಮಾರ್ಷ್‌ಮ್ಯಾಲೋ ಇಡೋಕ್ಕೂ ಮೊದಲು ಮಕ್ಕಳಿಗೆ ಹಳೇ ಕ್ರೇಯಾನ್ ಕೊಟ್ಟು "ಸ್ವಲ್ಪ ಇರು, ಚೆನ್ನಾಗಿರೋದು ತರ್ತೀನಿ" ಅಂತ ಹೇಳೋದು. ಅರ್ಧ ಮಕ್ಕಳಿಗೆ ನಿಜವಾಗ್ಲೂ ತಂದ್ರು, ಇನ್ನರ್ಧ ಮಕ್ಕಳಿಗೆ "ಸಾರಿ, ಇಲ್ಲ" ಅಂದ್ರು. ಆಮೇಲೆ ಮಾರ್ಷ್‌ಮ್ಯಾಲೋ. ಮಾತು ಉಳಿಸ್ಕೊಂಡವರ ಮುಂದೆ ಮಕ್ಕಳು ಸರಾಸರಿ 12 ನಿಮಿಷ ಕಾದ್ರು, ಮಾತು ತಪ್ಪಿದವರ ಮುಂದೆ 3 ನಿಮಿಷ.

ಇದನ್ನ ಓದಿದಾಗ ನನಗೆ ನೆನಪಾಗಿದ್ದು ನಮ್ಮ ಶಾಲೆಗಳ "ನಾಳೆ". ನಾಳೆ ಆಟ ಆಡಿಸ್ತೀನಿ, ನಾಳೆ ಆ ಕತೆ ಪುಸ್ತಕ ಕೊಡ್ತೀನಿ, ನಾಳೆ ನೀನು ಲೀಡರ್. ನಾಳೆ ಬಂದ್ರೆ ಯಾವುದೋ ಸಮೀಕ್ಷೆ ಡ್ಯೂಟಿ, ಕ್ಲಸ್ಟರ್ ಮೀಟಿಂಗು, ಆಟದ ಪೀರಿಯಡ್ಡಿಗೆ ಗಣಿತ ಬಂದು ಕೂತಿರತ್ತೆ. ದೆವ್ವ ಒಳಗೆ ಬರ್ಬಾರ್ದು ಅಂತ ಹಿಂದೆ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೀತಿದ್ರಲ್ಲ, ಮಕ್ಕಳಿಗೆ ನಾವು ಕೊಡೋ ನಾಳೆಗಳೂ ಎಷ್ಟೋ ಸಲ ಅಂಥವೇ. ಅಂಥ ನಾಳೆಗಳನ್ನೇ ಕಂಡ ಮಗು ಇವತ್ತು ಕೈಗೆ ಸಿಕ್ಕಿದ್ದನ್ನ ಕಿತ್ಕೊಂಡ್ರೆ ಅದು ಲೆಕ್ಕಾಚಾರ ರೀ, ಬುದ್ಧಿ ಇರೋ ಮಗು ಮಾಡೋ ಲೆಕ್ಕಾಚಾರ. ತಾಳಿದವನು ಬಾಳಿಯಾನು ಅಂತ ಬೋರ್ಡ್ ಹಾಕಿರೋ ಕಡೆ ತಾಳಿದವನಿಗೆ ಏನೂ ಸಿಗದೇ ಇರೋದನ್ನ ಅದು ಕಣ್ಣಾರೆ ನೋಡಿರತ್ತೆ. ಅದಕ್ಕೇ ನಾನು ಈಗ "ನಾಳೆ" ಅನ್ನೋದನ್ನ ಕಮ್ಮಿ ಮಾಡಿ "ಈ ಕಾರ್ಡ್ ಆದ ಮೇಲೆ", "ಹಾಲು ಕುಡಿದ ಮೇಲೆ" ಅಂತೀನಿ, ಕಣ್ಣಿಗೆ ಕಾಣೋ ದೂರದ ಮಾತು, ತಪ್ಪದೆ ಕೊಡಬಹುದಾದ್ದು.

ಬಾಳೆಹಣ್ಣಿನ ಕತೇನೂ ಇದೇ. ಮೊಟ್ಟೆ ಕೊಡೋ ದಿನ ತಿನ್ನದ ಮಕ್ಕಳಿಗೆ ಬಾಳೆಹಣ್ಣು. ಆ ಸಾಲಲ್ಲಿ ದಿನಾ ಕುಸ್ತಿ. ಮೊಟ್ಟೆ ಸಾಲಲ್ಲಿ ಅಷ್ಟಿಲ್ಲ. ನೋಡ್ತಾ ನೋಡ್ತಾ ಗೊತ್ತಾಯ್ತು, ಮೊಟ್ಟೆ ಎಲ್ಲ ಒಂದೇ ಥರ ಇರತ್ತೆ, ಬಾಳೆಹಣ್ಣು ಹಾಗಲ್ಲ, ಬುಟ್ಟಿ ತಳದಲ್ಲಿ ಇರೋದು ಕಪ್ಪಗೆ ಮೆತ್ತಗೆ ಆಗಿರತ್ತೆ, ಕೊನೇಲಿ ಬಂದೋನಿಗೆ ಅದೇ ಗತಿ. ಈಗ ಒಂದಿನ ಸಾಲಿನ ಈ ತುದಿಯಿಂದ, ಮಾರನೇ ಸಲ ಆ ತುದಿಯಿಂದ ಕೊಡೋದು ಅಂತ ಮಾಡಿದೀವಿ, ಕಪ್ಪಾಗಿರೋದನ್ನ ಅಡುಗೆ ಅಕ್ಕ ಮೊದಲೇ ತೆಗೆದಿಡ್ತಾರೆ. ತಳ್ಳಾಟ ಪೂರ್ತಿ ನಿಂತಿಲ್ಲ, ಸುಳ್ಳು ಹೇಳಲ್ಲ, ಆದ್ರೆ ಕುಸ್ತಿ ಹೋಯ್ತು. ಇಷ್ಟು ದಿನ ಇದನ್ನ ಮಕ್ಕಳ ಶಿಸ್ತಿನ ಸಮಸ್ಯೆ ಅಂತ ಅಸೆಂಬ್ಲೀಲಿ ಭಾಷಣ ಮಾಡ್ತಿದ್ರು! (ಸಾಂಬಾರಲ್ಲಿ ಇದರ ಉಲ್ಟಾ, ತರಕಾರಿ ತಳದಲ್ಲಿ ಇರತ್ತೆ ಅಂತ ಗೊತ್ತಿರೋ ಮೂರನೇ ಕ್ಲಾಸಿನ ಜಾಣರು ಬೇಕಂತಲೇ ಕೊನೇಲಿ ಕೂರ್ತಾರೆ. ಅವರ ತಾಳ್ಮೆಗೆ ಫುಲ್ ಮಾರ್ಕ್ಸ್.)

ಇದೆಲ್ಲ ಮೆತ್ತನೆ ಮಾತು, ನಾಲ್ಕು ಏಟು ಬಿದ್ರೆ ಎಲ್ಲ ಸರಿ ಹೋಗತ್ತೆ ಅನ್ನೋರು ಸ್ಟಾಫ್ ರೂಮಲ್ಲೂ ಇದಾರೆ ಊರಲ್ಲೂ ಇದಾರೆ. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಮೇಡಂ" ಅಂತಾರೆ. ಅವರ ಪರವಾಗಿ ನಾನೇ ಒಂದು ಸಾಕ್ಷಿ ಹೇಳ್ತೀನಿ, ಕ್ಯಾಮರೂನ್ ದೇಶದ ನ್ಸೋ ಅನ್ನೋ ರೈತ ಸಮುದಾಯದ ನಾಲ್ಕು ವರ್ಷದ ಮಕ್ಕಳಿಗೆ ಇದೇ ಥರದ ಪರೀಕ್ಷೆ ಮಾಡಿದಾಗ ಹತ್ತರಲ್ಲಿ ಸುಮಾರು ಏಳು ಮಕ್ಕಳು ಕೊನೇ ತನಕ ಕಾದ್ರು, ಜರ್ಮನಿಯ ಮಕ್ಕಳಲ್ಲಿ ಮೂರು ಜನನೂ ಇಲ್ಲ. ಅಲ್ಲಿನ ತಾಯಂದಿರು ದೊಡ್ಡೋರ ಮಾತು ಕೇಳ್ಬೇಕು ಅನ್ನೋ ವಿಷಯದಲ್ಲಿ ತುಂಬಾ ಕಟ್ಟುನಿಟ್ಟು. ಸರಿ, ಕಟ್ಟುನಿಟ್ಟಿನಿಂದ್ಲೂ ಮಕ್ಕಳು ಕಾಯೋದು ಕಲೀತಾರೆ, ಒಪ್ಕೊಳ್ತೀನಿ. ಆದ್ರೆ ಕಟ್ಟುನಿಟ್ಟು ಬೇರೆ, ಏಟು ಬೇರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಗೂಗೆ ಹೊಡೆಯೋದನ್ನೂ ಮನಸ್ಸಿಗೆ ಹಿಂಸೆ ಮಾಡೋದನ್ನೂ ನಿಷೇಧಿಸಿದೆ ಅನ್ನೋದು ಒಂದು ಕಡೆ ಇರ್ಲಿ, ಕೋಲು ಕಂಡಾಗ ತಡ್ಕೊಳ್ಳೋ ಮಗು ಕೋಲು ಇಲ್ದಾಗ ತಡ್ಕೊಳ್ಳೋದನ್ನ ಎಲ್ಲಿ ಕಲಿಯತ್ತೆ? ನನಗೆ ಬೇಕಿರೋದು ನಾನು ಮೊದಲನೇ ತಟ್ಟೇಲಿ ಬೆನ್ನು ತಿರುಗಿಸಿ ಕೂತಾಗ ಐದನೇ ತಟ್ಟೇಲಿ ಏನು ನಡೆಯತ್ತೆ ಅನ್ನೋದು.

ಮಿಶೆಲ್ ಅವರ ಪ್ರಯೋಗದಿಂದ ನಾನು ನೇರವಾಗಿ ಕದ್ದಿರೋದು ಒಂದಿದೆ. ಕಾದ ಮಕ್ಕಳು ಹಲ್ಲು ಕಚ್ಚಿಕೊಂಡು ಮಿಠಾಯಿ ದಿಟ್ಟಿಸ್ತಾ ಕಾಯ್ಲಿಲ್ಲ, ಕಣ್ಣು ಮುಚ್ಕೊಂಡ್ರು, ಹಾಡು ಹೇಳ್ಕೊಂಡ್ರು, ಆ ಕಡೆ ತಿರುಗಿ ಕೂತ್ರು. ಮಿಠಾಯಿ ಮುಚ್ಚಿಟ್ಟಾಗ ಎಲ್ಲರೂ ಜಾಸ್ತಿ ಹೊತ್ತು ಕಾದ್ರು. ಆ ಮಿಠಾಯಿನ ಮೋಡ ಅಂದ್ಕೋ ಅಂತ ಹೇಳ್ಕೊಟ್ರೆ ಇನ್ನೂ ಸಲೀಸು. ಅಂದ್ರೆ ಕಾಯೋದಕ್ಕೆ ಉಪಾಯಗಳಿವೆ, ಅವನ್ನ ಹೇಳ್ಕೊಡಬಹುದು. ನಮ್ಮ ಕ್ಲಾಸಲ್ಲಿ ಚೆಂಡು, ಸ್ಕಿಪ್ಪಿಂಗ್ ಹಗ್ಗ ಎಲ್ಲ ಬೀರುವಿನೊಳಗೆ, ಕಣ್ಣಿಗೆ ಕಾಣೋ ಕಡೆ ಇಟ್ಟು ಮುಟ್ಬೇಡ ಅನ್ನೋದು ಮಕ್ಕಳಿಗೂ ನನಗೂ ಸುಮ್ನೆ ಸುಸ್ತು. "ಮಿಸ್, ಆಯ್ತು! ಮಿಸ್, ಆಯ್ತು!" ಅಂತ ಓಡಿ ಬರೋರಿಗೆ, ಸ್ಲೇಟು ಬೋರಲು ಹಾಕಿ ಅದರ ಮೇಲೆ ಒಂದು ಹುಣಸೆ ಬೀಜ ಇಟ್ಟು ಕೂತ್ಕೊಳ್ಳಿ, ಬೀಜ ಕಂಡ ಕಡೆ ನಾನೇ ಬರ್ತೀನಿ ಅಂತ ಹೇಳಿದೀನಿ. ಬರ್ತೀನಿ ಅಂದ ಮೇಲೆ ಹೋಗಲೇಬೇಕು, ಒಂದಿನ ತಪ್ಪಿದ್ರೂ ಮಾರನೇ ದಿನ ಎಲ್ಲ ನನ್ನ ಸೆರಗು ಜಗ್ತಾ ನಿಂತಿರ್ತವೆ. ಸಿಟ್ಟು ಬಂದಾಗ ಆಮೆ ಥರ ಕೈ ತಲೆ ಒಳಗೆ ಎಳ್ಕೊಂಡು ಮೂರು ಸಲ ಉಸಿರು ತಗೊಳ್ಳೋದನ್ನ ಅಮೆರಿಕದವರು 1970ರ ದಶಕದಿಂದ್ಲೇ ಶಾಲೇಲಿ ಹೇಳ್ಕೊಡ್ತಿದಾರೆ. ಗೀತೇಲಿ ಸ್ಥಿತಪ್ರಜ್ಞನಿಗೆ ಆಮೆಯ ಹೋಲಿಕೆ ಕೊಟ್ಟ ನಾಡು ನಮ್ಮದು, ಆದ್ರೆ ನಾವು ಮಾತ್ರ ಆಮೇನ ಮೊಲದ ಜೊತೆ ಓಡಿಸೋದ್ರಲ್ಲೇ ಇದೀವಿ. ಒಂದನೇ ಕ್ಲಾಸಿನೋರಿಗೆ ಈ ಆಮೆ ಉಪಾಯ ಭಾರಿ ಇಷ್ಟ. ಮೂರನೇ ಕ್ಲಾಸಿನೋರು ನಾಚ್ಕೊಳ್ತಾರೆ, ಅವರಿಗೆ ಒತ್ತಾಯ ಮಾಡಲ್ಲ.

ಆಟ, ಪಂಕ್ತಿ, ಹುಣಸೆ ಬೀಜ ಯಾವುದಕ್ಕೂ ಬಗ್ಗದ ಮಕ್ಕಳೂ ಇರ್ತಾರೆ. ಮೊದಲು ನಾನು ನೋಡೋದು ಕಿವಿ ಸರಿ ಕೇಳ್ತಿದ್ಯಾ, ರಾತ್ರಿ ಎಷ್ಟು ಹೊತ್ತಿಗೆ ಮಲಗ್ತಾನೆ, ಬೆಳಗ್ಗೆ ಏನಾದ್ರೂ ತಿಂದು ಬರ್ತಾನಾ. ಅದೆಲ್ಲ ಸರಿ ಇದ್ದೂ ಮನೇಲೂ ಶಾಲೇಲೂ ಎರಡೂ ಕಡೆ ಆರು ತಿಂಗಳಿಗೂ ಮೇಲ್ಪಟ್ಟು ಹಾಗೇ ಇದ್ರೆ ಎಡಿಎಚ್‌ಡಿ (ಗಮನ ನಿಲ್ಲದ, ತಡ್ಕೊಳ್ಳಕ್ಕಾಗದ ತೊಂದರೆ) ಇರಬಹುದು, ಅದು ಟೀಚರ್ ಹೇಳೋ ಮಾತಲ್ಲ, ಡಾಕ್ಟರ್ ನೋಡಿ ಹೇಳ್ಬೇಕು. ಬೆಂಗಳೂರಿನ ನಿಮ್ಹಾನ್ಸಲ್ಲಿ ಮಕ್ಕಳದ್ದೇ ಮನೋವೈದ್ಯ ವಿಭಾಗ ಇದೆ, ಉತ್ತರ ಕರ್ನಾಟಕದ ಕಡೆಯವರಿಗೆ ಧಾರವಾಡದ ಡಿಮ್ಹಾನ್ಸ್ ಇದೆ. "ನಮ್ಮ ಹುಡುಗಂಗೆ ತಲೆ ಕೆಟ್ಟಿದೆ ಅಂತೀರಾ" ಅಂತ ಜಗಳಕ್ಕೆ ಬರೋ ಅಪ್ಪ ಅಮ್ಮಂದಿರೂ ಇದಾರೆ, ಜಗಳ ಆಡಿ ಆದ್ರೂ ಒಂದ್ಸಲ ತೋರ್ಸಿ ಅಂತೀನಿ.

ಮಂಜನದ್ದು ಅಂಥದ್ದೇನಿಲ್ಲ ಅಂತ ನನಗನ್ಸತ್ತೆ. ಮನೇಲಿ ಅವನ ದೊಡ್ಡ ರಂಪ ಮೊಬೈಲಿಗೆ. ಪೋಷಕರ ಸಭೆಗೆ ಅವರಮ್ಮ ಬಂದಿದ್ರು, ಗಾರ್ಮೆಂಟ್ಸ್ ಕೆಲಸಕ್ಕೆ ಅರ್ಧ ದಿನ ರಜಾ ಹಾಕಿ. "ಏನ್ ಮಾಡ್ಲಿ ಮೇಡಂ, ಕೊಟ್ರೆ ವಾಪಸ್ ಕೊಡಲ್ಲ, ಕಿತ್ಕೊಂಡ್ರೆ ಗೋಡೆಗೆ ತಲೆ ಚಚ್ಕೊಳ್ತಾನೆ." ಎಷ್ಟು ಹೊತ್ತು ಅಂತ ಹೇಳಿ ಕೊಡ್ತೀರಮ್ಮ ಅಂದೆ. ಹತ್ತು ನಿಮಿಷ ಅಂತ ಹೇಳ್ತಾರಂತೆ, ಅಷ್ಟರಲ್ಲಿ ಯಾರದ್ದೋ ಫೋನ್ ಬರತ್ತೆ, ಐದಕ್ಕೇ ಕಿತ್ಕೊಳ್ತಾರೆ, ಇನ್ನೊಂದಿನ ಕೆಲಸದ ಸುಸ್ತಲ್ಲಿ ನಿದ್ದೆ ಬಂದ್ರೆ ಒಂದೂವರೆ ಗಂಟೆ ಅವನ ಕೈಲೇ. ಹತ್ತು ಅಂದ್ರೆ ಹತ್ತೇ ಆಗ್ಲಿ ಅಮ್ಮ, ಒಂಬತ್ತೂ ಬೇಡ ಹನ್ನೊಂದೂ ಬೇಡ, ಆಮೇಲೆ ನೋಡೋಣ, ಒಂದು ವಾರ ಅಳ್ತಾನೆ, ಆಮೇಲೆ ಕಮ್ಮಿ ಆಗತ್ತೆ ಅಂತ ಹೇಳಿದೆ. ತಲೆ ಆಡಿಸಿದ್ರು, ಸೈನ್ ಹಾಕಿದ್ರು, ಬಾಗಿಲ ತನಕ ಹೋಗಿ ಚಪ್ಪಲಿ ಮೆಟ್ಕೊಳ್ತಾ ತಿರುಗಿ ಕೇಳಿದ್ರು, "ಅಲ್ಲ ಮೇಡಂ, ನಾನೇನೋ ಕರೆಕ್ಟಾಗಿ ಹತ್ತಕ್ಕೆ ತಗೊಳ್ತೀನಿ, ಅವರಪ್ಪ ರಾತ್ರಿ ಹನ್ನೆರಡಾದ್ರೂ ಪಕ್ಕದಲ್ಲೇ ಮಲ್ಕೊಂಡು ರೀಲ್ಸ್ ನೋಡ್ತಿರ್ತಾರಲ್ಲ, ಅವರಿಗೆ ಯಾರು ಹೇಳ್ತಾರೆ?"

ನೀವೇ ಮುಂದಿನ ಸಭೆಗೆ ಅವರನ್ನ ಕಳ್ಸಿ ಅಂದಿದೀನಿ. ಬರ್ತಾರೆ ಅಂತ ನಂಬಿಕೆ ಇಲ್ಲ.